ಮೂರನೇ ಆಲ್ಬಮ್ಮಿನ ಶ್ರುತಿ

ಫ್ರಿಜ್ಜು ನಿಂತಾಗ ಅದರ ಬಾಗಿಲಲ್ಲಿದ್ದ ಉಪ್ಪಿನಕಾಯಿ ಬಾಟಲಿ ಪಕ್ಕದ ಬಾಟಲಿಗೆ ತಗುಲಿ ಒಮ್ಮೆ ಕಿಣ್ ಎಂದಿತು. ರಾತ್ರಿ ಒಂದೂಮುಕ್ಕಾಲು. ಪ್ರತಿಮಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿ ಆ ಫ್ರಿಜ್ಜು ನಿಲ್ಲುತ್ತ, ಮತ್ತೆ ಹೊರಡುತ್ತ ಇದ್ದರೂ ಅದಕ್ಕೊಂದು ಸದ್ದಿದೆ ಎಂದು ಅವಳ ಗಮನಕ್ಕೆ ಬಂದದ್ದು ಏಳೆಂಟು ತಿಂಗಳ ಈಚೆಗೆ. ಈಗ ಅದು ನಿಂತರೆ ಎಚ್ಚರವಾಗುತ್ತದೆ. ಮತ್ತೆ ಶುರುವಾಗುವವರೆಗೆ, ಯಾರೋ ಮಾತು ನಿಲ್ಲಿಸಿ ತನ್ನ ಮುಖವನ್ನೇ ನೋಡುತ್ತಿರುವಂತೆ ಅನ್ನಿಸುತ್ತದೆ. ಹತ್ತು ನಿಮಿಷದ ಮೇಲೆ ಅದು ಗುರ್ ಎಂದು ಎದ್ದಿತು. ಅವಳು ತುಟಿ ತೆರೆಯದೆ ಅದರೊಂದಿಗೆ ಷಡ್ಜ ಹಿಡಿದು ನೋಡಿದಳು. ಸರಿಯಾಗಿ ಕೂತಿತು. ಸರಿಯಾಗಿ ಕೂತದ್ದಕ್ಕೇ ತಟ್ಟನೆ ಬಿಟ್ಟುಬಿಟ್ಟಳು.

"ಎಂತ ಆತು?" ಎಂದ ಶ್ರೀನಾಥ್, ಮಗ್ಗುಲಾಗುತ್ತ.

"ಎಂತೂ ಇಲ್ಲೆ."

"ಆ ಫ್ರಿಜ್ಜಿನ ಕಾಟ. ಶನಿವಾರ ಎಕ್ಸ್‌ಚೇಂಜಿಗೆ ಕೊಟ್ಬುಡನ."

"ಬ್ಯಾಡ."

"ಎಂತಕ್ಕೆ?"

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು, ಒಂದು ಪದ ಹಗುರಾಯಿತು ಎನಿಸಿದರೆ ವಾಕ್ಯವನ್ನೇ ಹಿಂದಕ್ಕೆ ತೆಗೆದುಕೊಳ್ಳುವವಳು, ಗಂಡನ ಈ ಒಂದು ಪದದ ಪ್ರಶ್ನೆಗೆ ನಿದ್ದೆ ಬಂದವಳಂತೆ ಗೋಡೆಯ ಕಡೆ ತಿರುಗಿದಳು. ಬೆಳಗಾದರೆ ಹೊಸನಗರಕ್ಕೆ ಲಾಂಚ್ ನಡೆಸುತ್ತಿದ್ದ ಹೂವಯ್ಯ ಬರುತ್ತಾರೆ. ಅವರು ಒಂದು ನಿಮಿಷ ಕೇಳಿದರೂ ಸಾಕು, ಎಲ್ಲ ಗೊತ್ತಾಗುತ್ತದೆ.

ಬೆಳಿಗ್ಗೆ ಸಾಗರದಿಂದ ಹೊರಟ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತಾಗಲೂ ಅದೇ ಯೋಚನೆ. ಇಂಥ ಹೆದರಿಕೆ ಅವಳಿಗೆ ಹೊಸದಲ್ಲ. ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ ನೋಡುತ್ತಾಳೆ. ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆಗಳನ್ನು ಎರಡು ಸಲ ಎಣಿಸಿ, ಕಟ್ಟಿದ ಮೇಲೆ ಬಿಚ್ಚಿ ಮತ್ತೊಮ್ಮೆ ಎಣಿಸುತ್ತಾಳೆ. ಅವಳು ಹಾಡುವ ಬ್ಯಾಂಡಿಗೆ 'ಹೊರಶ್ರುತಿ' ಎಂದು ಹೆಸರಿಟ್ಟವನು ತೀರ್ಥಹಳ್ಳಿಯ ಗೌರೀಶ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾನೆ, ಪಿಟೀಲು ನುಡಿಸುತ್ತಾನೆ. ಯೋಜನೆಯೂ ಅವನದೇ: ಐವರು ವಾಗ್ಗೇಯಕಾರರು, ಒಬ್ಬೊಬ್ಬರಿಗೆ ಒಂದರಂತೆ ಐದು ಆಲ್ಬಮ್. ತಂಬೂರಿ ಇಲ್ಲ, ಶ್ರುತಿಪೆಟ್ಟಿಗೆ ಇಲ್ಲ. ಒಂದೊಂದು ಆಲ್ಬಮ್ಮಿಗೂ ಈ ಮೂರು ತಾಲ್ಲೂಕಿನೊಳಗಿನ ಯಾವುದಾದರೂ ಒಂದು ಯಂತ್ರದ ಗುಂಯ್‌ಗುಡುವಿಕೆಯೇ ಶ್ರುತಿ. ಅದನ್ನು ತಾವೇ ಹೋಗಿ ಒಂದೇ ಸಲಕ್ಕೆ ಹಿಡಿದು ತರಬೇಕು. ಎಲ್ಲಿ, ಯಾವತ್ತು ಹಿಡಿದದ್ದೆಂದು ಮುಖಪುಟದ ಹಿಂದೆ ಬರೆಯಬೇಕು. ಮೊದಲನೆಯದಕ್ಕೆ ತೀರ್ಥಹಳ್ಳಿಯ ಒಂದು ಹಿಟ್ಟಿನ ಗಿರಣಿ. ಎರಡನೆಯದಕ್ಕೆ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನ ಜಾವ ಚಾಲೂ ಮಾಡಿ ಬಿಟ್ಟ ಬಸ್ಸು. ಎರಡನ್ನೂ ಕೇಳಿದವರು ಹೆಚ್ಚಿಲ್ಲ. ಕೇಳಿದವರಲ್ಲಿ ಒಬ್ಬರು, ದೇವರ ಪದಕ್ಕೆ ಗಿರಣಿ ಕಟ್ಟಿದ ಪಾಪ ಯಾವ ಜನ್ಮಕ್ಕೆ ಕಳೆಯುತ್ತದೋ ಎಂದು ಕಾಗದ ಬರೆದಿದ್ದರು. ಗೌರೀಶ ಅದಕ್ಕೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾನೆ.

ಮೂರನೆಯದಕ್ಕೆ, ಜನರನ್ನೂ ಬಸ್ಸುಗಳನ್ನೂ ಆಚೆ ದಡಕ್ಕೆ ದಾಟಿಸುವ ಹಿನ್ನೀರಿನ ಲಾಂಚ್. ಅದರಲ್ಲಿ ಎರಡು ಮಾತೇ ಇರಲಿಲ್ಲ. ಸೇತುವೆ ಮುಗಿಯುತ್ತ ಬಂದಿತ್ತು. ಲಾಂಚ್ ಇನ್ನೆಷ್ಟು ದಿನವೋ. "ನೀನು ಸಾಗರದಲ್ಲೇ ಇದ್ದೀಯಲ್ಲ, ನೀನೇ ಹಿಡಿದು ಬಾ," ಎಂದಿದ್ದ ಗೌರೀಶ. ಮೌಲ್ಯಮಾಪನದ ಕೆಲಸದಲ್ಲಿ ಇವತ್ತು ನಾಳೆ ಎಂದು ತಳ್ಳುತ್ತ ಕೊನೆಗೆ ಹೋದದ್ದು ಕೊನೆಯ ದಿನವೇ. ಎಲ್ಲರೂ ಲಾಂಚಿನ ಅಟ್ಟದ ಮೇಲೆ ಸೇತುವೆಯ ಕಡೆ ಮೊಬೈಲ್ ಎತ್ತಿ ನಿಂತಿದ್ದರೆ ಅವಳೊಬ್ಬಳು ಇಂಜಿನ್ನಿನ ಪಕ್ಕ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪುಟ್ಟ ರೆಕಾರ್ಡರನ್ನು ಎರಡು ಕೈಯಲ್ಲಿ ಕೂಸಿನಂತೆ ಹಿಡಿದು ಕೂತಿದ್ದಳು. ಸೀರೆಯ ಸೆರಗು ತಾಗಿ ಗುಂಡಿ ಒತ್ತಿಹೋದೀತೆಂದು ಮೊದಲೇ ಅದರ ಪಕ್ಕದಲ್ಲಿರುವ ಬೀಗದ ಕೀಲಿಯನ್ನು ಸರಿಸಿಬಿಟ್ಟಿದ್ದಳು. ಗುಂಡಿ ಒತ್ತಿದ್ದು ಆಮೇಲೆ. ಬೀಗ ಬಿದ್ದ ರೆಕಾರ್ಡರು ಯಾವ ಗುಂಡಿಯನ್ನೂ ಕೇಳುವುದಿಲ್ಲ. ಆಚೆ ದಡಕ್ಕೆ, ಈಚೆ ದಡಕ್ಕೆ, ಮತ್ತೊಮ್ಮೆ ಆಚೆಗೆ. ಎಲ್ಲವೂ ಅವಳ ಕಿವಿಯ ಮೂಲಕ ಹಾದು ಹೋಯಿತು, ಏನೂ ಉಳಿಯಲಿಲ್ಲ. ಮನೆಗೆ ಬಂದು ನೋಡಿದಾಗ ಸಂಜೆ ಏಳು. ಅಷ್ಟು ಹೊತ್ತಿಗೆ ಲಾಂಚ್ ಎನ್ನುವುದೇ ಮುಗಿದಿತ್ತು. ಮೊಬೈಲಿನಲ್ಲಿ ಹುಡುಕಿದರೆ ಅದರ ವಿಡಿಯೋ ನೂರಾರು ಸಿಕ್ಕವು. ಒಂದರಲ್ಲೂ ಇಂಜಿನ್ ಇರಲಿಲ್ಲ, ಬರೀ ಜನರ ಕೂಗು, ಅದರ ಮೇಲೆ ಸಿನಿಮಾ ಹಾಡು. ಆಗ ಗೌರೀಶನ ಫೋನು. "ಸಿಕ್ತಾ?" "ಸಿಕ್ತು." ಜೀವಮಾನದಲ್ಲಿ ಇಷ್ಟು ಯೋಚಿಸದೆ ಅವಳು ಇನ್ನೊಂದು ಪದ ಆಡಿರಲಿಲ್ಲ. ಫೋನ್ ಇಟ್ಟು ಅಡುಗೆಮನೆಯ ಕತ್ತಲಲ್ಲಿ ನಿಂತಿದ್ದಾಗ ಫ್ರಿಜ್ಜು ಶುರುವಾಯಿತು.

ಅದನ್ನೇ ರೆಕಾರ್ಡರಿನಲ್ಲಿ ಹಿಡಿದು ಅರ್ಧ ವೇಗಕ್ಕೆ ಇಳಿಸಿದಾಗ ದೊಡ್ಡ ಪ್ರಾಣಿಯೊಂದು ನೀರಿನಲ್ಲಿ ಉಸಿರಾಡುವಂತೆ ಕೇಳಿತು. ಉಪ್ಪಿನಕಾಯಿ ಬಾಟಲಿಯ ಕಿಣ್ ಸರಪಳಿಯ ಸದ್ದಾಗಿತ್ತು. "ಕೇಳು, ಕೇಳು, ಹಲಗೆ ಇಳಿಸೋ ಸರಪಳಿ!" ಎಂದು ಗೌರೀಶ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ. ಅವಳು ನೆಲ ನೋಡಿದ್ದಳು.

ಹೊಸನಗರದಲ್ಲಿ ರವೀಶನ ಮೈಕ್‌ಸೆಟ್ ಅಂಗಡಿಯ ಮಹಡಿಯೇ ಅವರು ಸೇರುವ ಜಾಗ. ಸಾಗರಕ್ಕೂ ತೀರ್ಥಹಳ್ಳಿಗೂ ಅದೇ ನಡುವೆ. ಗೋಡೆಗಳಿಗೆ ಗೋಣಿಚೀಲ, ಹಳೆಯ ಹಾಸಿಗೆ ಬಡಿದಿದ್ದಾನೆ. ಮದುವೆ ಕಾಲದಲ್ಲಿ ಹೊರಗೆ ಹೋಗುವ ದೊಡ್ಡ ಬಾಕ್ಸುಗಳು ಈಗ ಮೂಲೆಯಲ್ಲಿ ಆನೆಗಳಂತೆ ನಿಂತಿದ್ದವು. ರವೀಶ ಗಿಟಾರು ನುಡಿಸುತ್ತಾನೆ, ಯಂತ್ರಗಳೆಲ್ಲ ಅವನದೇ. ಮೃದಂಗದ ಮಯೂರ ಎರಡನೇ ಆಲ್ಬಮ್ ಆದ ಮೇಲೆ, "ಬಸ್ಸಿನ ಮುಂದೆ ಕೂತು ಬಾರಿಸೋಕೆ ನಾನು ಕಲ್ತಿಲ್ಲ" ಎಂದು ಹೋದವನು ಮತ್ತೆ ಬಂದಿಲ್ಲ. ಅಂದಿನಿಂದ ತಾಳಕ್ಕೂ ರವೀಶನ ಯಂತ್ರವೇ. ಮೂರನೇ ಆಲ್ಬಮ್ ಒಂದು ಕೃತಿ ಬಾಕಿ ಉಳಿಸಿಕೊಂಡು ಅಲ್ಲೇ ನಿಂತಿದೆ. ಮಿಶ್ರಚಾಪು ತಾಳ, ವಿಳಂಬ ಕಾಲ. ಮೂರು ಮತ್ತು ನಾಲ್ಕು, ಮೂರು ಮತ್ತು ನಾಲ್ಕು. ತಿರುವಾರೂರಿನಲ್ಲಿ ಹುಟ್ಟಿದ ಸಂಗೀತ ತ್ರಿಮೂರ್ತಿಗಳಲ್ಲಿ ಅತ್ಯಂತ ಕಡಿಮೆ ಬರೆದವರ ರಚನೆ. ಮಗು ತಾಯಿಯ ಸೆರಗು ಹಿಡಿದು ಎಳೆಯುವಂತೆ ದೇವಿಯನ್ನು ಎಳೆಯುವ ಸಾಹಿತ್ಯ. ಯಂತ್ರ ಹಾಕಿದರೆ ಅದು ಹೊಲಿಗೆ ಮಿಷನ್ನಿನಂತಾಗುತ್ತದೆ. ತೆಗೆದರೆ ಹಾಡು ಜಾರಿ ಬೀಳುತ್ತದೆ.

ಹೂವಯ್ಯ ಹಿನ್ನೀರಿನಾಚೆಯ ಬ್ಯಾಕೋಡಿನವರು, ಮೂವತ್ತೊಂದು ವರ್ಷ ಲಾಂಚ್ ನಡೆಸಿದವರು. ಅವರನ್ನು ಕರೆಸಿ ಕೇಳಿಸಬೇಕೆಂದದ್ದು ರವೀಶ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಮೆಟ್ಟಿಲು ಹತ್ತಿ ಬಂದವರೇ ಪ್ರತಿಮಾಳನ್ನು ನೋಡಿ, "ಓ, ಇವ್ರೇ ಅಲ್ವಾ!" ಎಂದು ಜೋರಾಗಿ ನಕ್ಕರು. ಅವಳು ಹಪ್ಪಳದ ಕಟ್ಟನ್ನು ಇಸಿದುಕೊಂಡು ಬ್ಯಾಗಿಗೆ ಹಾಕಲು ಬಗ್ಗಿದಳು.

"ಹೂವಯ್ಯನೋರೆ, ಪ್ರಯಾಣ ಆರಾಮಾಯ್ತಾ?" ರವೀಶ ಅವರ ಕಿವಿಗೆ ಬಾಯಿಟ್ಟು ಕೂಗಿದ.

"ಕೂಗ್ಬೇಡ ಮಾರಾಯ. ಇಂಜಿನ್ ತಿಂದು ಮುಗ್ಸಿದ ಕಿವಿ ಅದು. ಎದುರು ನಿಂತು ಬಾಯಿ ಅಲುಗ್ಸು, ತಿಳೀತದೆ."

ಅವಳಿಗೆ ಒಂದು ಕ್ಷಣ ಹಾಯೆನಿಸಿತು. ಕಿವಿ ಕೇಳುವುದಿಲ್ಲ! ಆ ಹಾಯೆನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಆದರೆ ಹೂವಯ್ಯ ದೊಡ್ಡ ಬಾಕ್ಸಿನ ಹತ್ತಿರ ಹೋಗಿ, ಹೆಂಗಸರು ಮಗುವಿಗೆ ಜ್ವರ ಇದೆಯೇ ಎಂದು ನೋಡುವಂತೆ ಅದರ ಹಣೆಯ ಮೇಲೆ ಅಂಗೈ ಊರಿದರು. "ಹಾಕಿ."

ರವೀಶ ಹಾಕಿದ. ಮಹಡಿಯ ಹಲಗೆ ಸಣ್ಣಗೆ ಅದುರಿತು. ಹೂವಯ್ಯ ಕಣ್ಣು ಮುಚ್ಚಿ ನಿಂತರು. ಅವಳು ಅವರ ಹೆಬ್ಬೆರಳನ್ನು ನೋಡಿದಳು. ಉಗುರು ಕರಿಯ ಎಣ್ಣೆ ಕುಡಿದು ಯಾವತ್ತೋ ಬಣ್ಣ ಬಿಟ್ಟಿತ್ತು. ಅಮ್ಮ ಸಂಗೀತ ಪಾಠಕ್ಕೆ ಕಳಿಸುತ್ತಿದ್ದಾಗ ಗುರುಗಳು ಹೀಗೆಯೇ ಕಣ್ಣು ಮುಚ್ಚಿ ಕೇಳುತ್ತಿದ್ದರು. ತಪ್ಪಿದಾಗ ಕಣ್ಣು ಬಿಡುತ್ತಿದ್ದರು, ಅಷ್ಟೇ, ಬೈಯುತ್ತಿರಲಿಲ್ಲ. ಆ ಕಣ್ಣು ಬಿಡುವುದಕ್ಕೆ ಹೆದರಿಯೇ ಅವಳು ಹಾಡು ಕಲಿತದ್ದು.

ಹೂವಯ್ಯ ಕಣ್ಣು ಬಿಟ್ಟರು. "ಇದು ನಮ್ದಲ್ಲ."

ಗೌರೀಶ ನಕ್ಕ. "ಅಯ್ಯೋ, ಲಾಂಚೇ ಹೂವಯ್ಯನೋರೆ. ಇವ್ರೇ ಹಿಡಿದು ತಂದದ್ದು."

"ಇವ್ರು ಬಂದಿದ್ದು ಖರೆ. ನಾನೇ ನೋಡಿದೀನಿ. ಆದ್ರೆ ಇದು ನಮ್ದಲ್ಲ. ಯಾವ್ದೋ ಕೂತಲ್ಲೇ ಕೂತಿರೋ ಮಿಷನ್ನು. ಎಲ್ಲಿಗೂ ಹೋಗ್ತಾ ಇಲ್ಲ ಇದು."

ಈಗ ಹೇಳಬೇಕು, ಅಂದುಕೊಂಡಳು. ಅಷ್ಟರಲ್ಲಿ ರವೀಶ ಗೌರೀಶನ ಕಡೆ ತಿರುಗಿ ಮೆಲ್ಲಗೆ, "ಪಾಪ, ಪೂರಾ ಹೋಗಿದೆ ಸರ್," ಎಂದ. ಮೆಲ್ಲಗೆ ಎಂದನೇನೋ ನಿಜ, ಬಾಯಿ ಮಾತ್ರ ಹೂವಯ್ಯನವರಿಗೆ ಎದುರಾಗಿಯೇ ಇತ್ತು. ಅವರಿಗೆ ತಿಳಿಯಿತೆಂದು ಅವಳೊಬ್ಬಳಿಗೆ ಗೊತ್ತಾಯಿತು. ಅವರು ಬಾಕ್ಸಿನ ಮೇಲಿಂದ ಕೈ ತೆಗೆದು ಅಂಗೈಯನ್ನು ಮುಖದ ಹತ್ತಿರ ಹಿಡಿದು ನೋಡಿಕೊಂಡರು, ಅಲ್ಲೇನೋ ಬರೆದಿದ್ದು ಅಳಿಸಿಹೋದಂತೆ. "ಇರ್ಬೋದಪ್ಪ," ಎಂದರು ಸಣ್ಣಗೆ. "ಕಿವಿ ಹೋದ್ರೂ ಇದೊಂದಿತ್ತು. ಇದೂ ಹೋತೇನೋ." ಕೈಯನ್ನು ಪಂಚೆಗೆ ಒರೆಸಿಕೊಂಡರು.

"ವಯಸ್ಸಾದ್ಮೇಲೆ ಎಲ್ರಿಗೂ ಇದ್ದದ್ದೇ ಬಿಡಿ. ಟೀ ಕುಡೀರಿ," ಎಂದ ಗೌರೀಶ. ಪ್ರೀತಿಯಿಂದಲೇ ಎಂದ. ಅವನ ಪ್ರೀತಿಯೇ ಅವಳಿಗೆ ಮುಳ್ಳಿನಂತೆ ತಾಗಿತು. ಹೂವಯ್ಯ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬಿದ್ದದ್ದನ್ನು ನೋಡದವರಂತೆ ಬರೀ ಟೀ ಕುಡಿದರು. ಬಂದಾಗ ಇದ್ದ ನಗು ಎಲ್ಲಿಯೂ ಇರಲಿಲ್ಲ. ಮೂರೂವರೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ತಾನು ಸುಳ್ಳು ಹೇಳಿದ್ದು ಒಂದು ಆಲ್ಬಮ್ಮಿಗೆ ಎಂದುಕೊಂಡಿದ್ದಳು ಇಷ್ಟು ದಿನ. ಅದು ಹೀಗೆ ಬಂದು ಒಬ್ಬ ಮನುಷ್ಯನ ಕೈಯನ್ನೇ ಕಿತ್ತುಕೊಳ್ಳುತ್ತದೆಂದು ಯಾವ ಆತಂಕದ ರಾತ್ರಿಯಲ್ಲೂ ಹೊಳೆದಿರಲಿಲ್ಲ.

"ನಾನು ಬಸ್ ಹತ್ತಿಸಿ ಬರ್ತೀನಿ," ಎಂದಳು.

ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲು ಓರೆಯಾಗಿತ್ತು. ತಾಲ್ಲೂಕು ಕಚೇರಿಗೆ ಬಂದವರು ಕಾಗದದ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದರು. ಇಬ್ಬರೂ ಸ್ಟೀಲಿನ ಬೆಂಚಿನ ಮೇಲೆ ಕೂತರು. ಅವಳು ಅವರ ಕಡೆ ಪೂರ್ತಿ ತಿರುಗಿದಳು. ಆಗ ಹೊಳೆಯಿತು: ಇವರಿಗೆ ಹೇಳಲು ದನಿಯೇ ಬೇಕಿಲ್ಲ. ಇಪ್ಪತ್ತೈದು ವರ್ಷ ಹಾಡಿದ ಗಂಟಲಿನಿಂದ ಒಂದು ಉಸಿರೂ ಹೊರಡಿಸದೆ, ಬರೀ ತುಟಿ ಅಲುಗಿಸಿ ಹೇಳಿದಳು. ಅವತ್ತು ಏನೂ ಹಿಡಿಯಲಿಲ್ಲ. ಬೀಗ ಬಿದ್ದಿತ್ತು. ನೀವು ಮುಟ್ಟಿದ್ದು ಲಾಂಚ್ ಅಲ್ಲ, ನಮ್ಮ ಮನೆ ಫ್ರಿಜ್ಜು.

"ಏನು? ಕೊನೇದು ತಿಳೀಲಿಲ್ಲ."

"ಫ್ರಿ-ಜ್ಜು."

ಹೂವಯ್ಯ ಅವಳ ಬಾಯನ್ನೇ ನೋಡಿದರು. ಆಮೇಲೆ, ತಮ್ಮ ದನಿ ತಮಗೇ ಕೇಳದವರ ಜೋರಿನಲ್ಲಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ, "ಫ್ರಿಜ್ಜಾ!" ಎಂದರು. ಅವಳಿಗೆ ಬೆಂಚಿನಡಿ ನುಸುಳಿಕೊಳ್ಳುವಂತಾಯಿತು. ಎದುರಿನ ಹೆಂಗಸೊಬ್ಬಳು ತಲೆ ಎತ್ತಿ, ಯಾರದೋ ಫ್ರಿಜ್ಜು ಕೆಟ್ಟಿರಬೇಕೆಂಬಂತೆ ಕನಿಕರದಿಂದ ನೋಡಿ ಮತ್ತೆ ಕಣ್ಣು ಮುಚ್ಚಿದಳು. ಹೂವಯ್ಯ ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು.

"ಹಂಗಾರೆ," ಎಂದರು ಕಣ್ಣೊರೆಸಿಕೊಂಡು, ಅಂಗೈಯನ್ನು ಅವಳ ಮುಂದೆ ಚಾಚಿ, "ನನ್ ಕೈ ಸರಿ ಅದೆ."

"ಸರಿ ಇದೆ."

"ಕೂತಲ್ಲೇ ಕೂತಿರೋ ಮಿಷನ್ನು ಅಂದ್ನೋ ಇಲ್ವೋ?"

"ಅಂದ್ರಿ."

"ನೋಡಿ ಮತ್ತೆ!" ಕೈಯನ್ನು ಅಂಗಿಯ ಜೇಬಿನ ಮೇಲೆ, ಎದೆಯ ಮೇಲೆ ಇಟ್ಟುಕೊಂಡರು. ಹಾಗೇ ಹೇಳಿದರು, "ಅವತ್ತು ನಾನು ಹಾರ್ನ್ ಹೊಡೀಲಿಲ್ಲ, ಗೊತ್ತುಂಟಾ? ದಡ ಬಿಡುವಾಗ ಹೊಡೀಬೇಕು. ನಿಮ್ ಕಿವಿಗೆ ಯಂತ್ರ ಇತ್ತಲ್ಲ, ಹಾಳಾಗ್ತದೆ ಅಂತ. ಮೂವತ್ತೊಂದು ವರ್ಷದಲ್ಲಿ ಅದೊಂದೇ ಸಲ."

ಸಿಗಬಾರದವರಿಗೆ ಸಿಕ್ಕ ಮರ್ಯಾದೆಯಂತೆ ಅದು ಅವಳ ಮಡಿಲಲ್ಲಿ ಬಿದ್ದಿತ್ತು. "ನಿಮ್ಮ ಲಾಂಚ್ ಹೇಗಿರ್ತಿತ್ತು?" ಎಂದು ತುಟಿ ಅಲುಗಿಸಿದಳು.

"ಕುಂಟ್ತಿತ್ತು," ಎಂದರು. "ಒಳ್ಳೆ ಮುದಿ ಎತ್ತಿನ ಹಂಗೆ." ಬೆಂಚಿನ ಸ್ಟೀಲಿನ ಮೇಲೆ ಅಂಗೈಯಲ್ಲಿ ಬಡಿದು ತೋರಿಸಿದರು. ಮೂರು ಸಣ್ಣ ಪೆಟ್ಟು, ಒಂದು ಎಳೆತ, ನಾಲ್ಕು; ಮೂರು, ಎಳೆತ, ನಾಲ್ಕು. ಆ ಎಳೆತದಲ್ಲಿ ಲಾಂಚ್ ಮುಂದಿನ ನೀರನ್ನು ಒಮ್ಮೆ ನೋಡಿಕೊಂಡು ಹೆಜ್ಜೆ ಇಡುವಂತಿತ್ತು. ಪ್ರತಿಮಾಳ ತೊಡೆಯ ಮೇಲಿನ ಬೆರಳುಗಳು ತಾವಾಗಿಯೇ ಏಳನ್ನು ಎಣಿಸಿ ನಿಂತವು. ಬ್ಯಾಗಿನಿಂದ ರೆಕಾರ್ಡರು ತೆಗೆದಳು. ಬೀಗದ ಕೀಲಿ ನೋಡಿದಳು. ಗುಂಡಿ ಒತ್ತಿದಳು. ಕೆಂಪು ದೀಪ ನೋಡಿದಳು. ಅಂಕಿಗಳು ಓಡುತ್ತಿವೆಯೇ ಎಂದು ನೋಡಿದಳು, ಮತ್ತೊಮ್ಮೆ ನೋಡಿದಳು. "ಇನ್ನೊಂದ್ಸಲ," ಎಂದಳು.

"ಓಡ್ತಾ ಅದಾ ಈ ಸಲ?" ಎಂದು ಹೂವಯ್ಯ ಕಣ್ಣು ಹೊಡೆದರು. ಬಡಿದರು. "ಬಟ್ಟೆಮಲ್ಲಪ್ಪ, ಸಾಗರ, ಸಾಗರ" ಎಂದು ಕಂಡಕ್ಟರು ಕೂಗುತ್ತ ಬಂದದ್ದೂ ಅದರೊಳಗೆ ಸೇರಿತು. ಆರು ನಿಮಿಷ.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೇಳಿದರು, "ಅವ್ರಿಗೆ ಹೇಳ್ತೀರಾ?"

"ಹೇಳ್ಬೇಕು."

"ಅದು ನಿಮ್ಗೆ ಬಿಟ್ಟಿದ್ದು. ನಂಗೆ ತಿಳೀತಲ್ಲ, ನಂಗದು ಸಾಕು. ಹಪ್ಪಳ ಮೆತ್ತಗಾಗೋದ್ರೊಳಗೆ ಕರ್ದು ತಿನ್ನಿ."

ಮಹಡಿಗೆ ಹಿಂದಿರುಗುವಾಗ ಪ್ರತಿ ಮೆಟ್ಟಿಲಿಗೂ ಒಂದೊಂದು ವಾಕ್ಯ ಸಿದ್ಧಮಾಡಿ ಅಳಿಸಿದಳು. ಒಳಗೆ ಹೋಗಿ ಒಂದೂ ಹೇಳದೆ ರೆಕಾರ್ಡರನ್ನು ರವೀಶನ ಕೈಗಿಟ್ಟಳು. "ಹೂವಯ್ಯನವರು ತೋರಿಸಿದ್ದು. ಲಾಂಚ್ ನಡೀತಿದ್ದ ರೀತಿ." ಅವನು ಹಾಕಿದ. ಕೇಳುತ್ತ ಕೇಳುತ್ತ ಗೌರೀಶನ ಕಾಲು ಅಲುಗತೊಡಗಿತು. "ಮಿಶ್ರಚಾಪು ಮಾರಾಯ!" ಎಂದ. "ಕುಂಟು ಮಿಶ್ರಚಾಪು!" ರವೀಶ ತನ್ನ ಯಂತ್ರವನ್ನು ತಾನೇ ಆರಿಸಿದ. ಕೆಳಗೆ ಫ್ರಿಜ್ಜಿನ ಶ್ರುತಿ, ಅದರ ಮೇಲೆ ಹೂವಯ್ಯನವರ ಅಂಗೈ. ಅವಳು ಹಾಡಿದಳು. ಆರು ತಿಂಗಳಿಂದ ಜಾರುತ್ತಿದ್ದ ಪಲ್ಲವಿ ಆ ಎಳೆತದ ಜಾಗದಲ್ಲಿ ಕಾಲೂರಿ ನಿಂತಿತು. ನಿಂತು ಸೆರಗು ಎಳೆಯಿತು. ಕಂಡಕ್ಟರನ ಸಾಗರ, ಸಾಗರ ಎಂಬ ಕೂಗು ಬಂದಲ್ಲಿ ಅವಳು ನಗದೆ ಮುಂದುವರಿದದ್ದು ಹೇಗೋ.

"ಪೂರಾ ಹೋಗಿದೆ ಅಂದ್ನಲ್ಲ ನಾನು," ಎಂದ ರವೀಶ, ಹಾಡು ಮುಗಿದಾಗ. "ಥೂ. ಕೈ ಇಷ್ಟು ಸರಿ ಇರೋರು ಬಾಕ್ಸ್ ಮುಟ್ಟಿ ನಮ್ದಲ್ಲ ಅಂದದ್ದು ಯಾಕೆ ಹಂಗಾದ್ರೆ?"

ಹೇಳಿಬಿಡಲು ಬಾಗಿಲು ತೆರೆದೇ ಇತ್ತು, ಅವಳು ದಾಟಿದರೆ ಆಯಿತು.

"ನಿನ್ನ ಬಾಕ್ಸಿಂದೇ ದೋಷ," ಎಂದ ಗೌರೀಶ.

"ಬಾಕ್ಸಿಗೆ ಅನ್ಬೇಡಿ ಸರ್. ಮೂರು ತಾಲ್ಲೂಕಿನ ಮದುವೆ ನೋಡಿದೆ ಅದು. ಏನ್ ಪ್ರತಿಮಕ್ಕ?"

"ಬಾಕ್ಸು ಚೆನ್ನಾಗೇ ಇದೆ," ಎಂದಳು. ಅದು ಸತ್ಯ.

ಮುಖಪುಟದ ಹಿಂದಿನ ಬರಹ ಯಾವಾಗಲೂ ಅವಳದೇ. ಗೌರೀಶ ಮೊದಲೇ ಗೀಚಿಟ್ಟಿದ್ದ: ಶ್ರುತಿ, ಹಿನ್ನೀರಿನ ಲಾಂಚ್, ಕೊನೆಯ ದಿನ. ಅವಳು ಅದನ್ನು ಹೊಡೆದುಹಾಕಿ ಬರೆದಳು: ಶ್ರುತಿ, ಸಾಗರ, ಲಾಂಚ್ ನಿಂತ ದಿನ ಸಂಜೆ. ನಡೆ, ಹಿನ್ನೀರಿನ ಲಾಂಚ್, ಅದನ್ನು ಮೂವತ್ತೊಂದು ವರ್ಷ ನಡೆಸಿದ ಹೂವಯ್ಯನವರ ಅಂಗೈಯಿಂದ. ಒಂದೊಂದು ಪದವನ್ನೂ ಬೆಳಕಿಗೆ ಹಿಡಿದು ನೋಡಿದಳು. ಒಂದೂ ಸುಳ್ಳಾಗಿರಲಿಲ್ಲ. ಸುಳ್ಳಲ್ಲದ್ದೆಲ್ಲ ಸತ್ಯವಲ್ಲ ಎಂದು ತರಗತಿಯಲ್ಲಿ ಹೇಳುತ್ತಿದ್ದವಳು ತಾನೇ, ಅದೂ ನೆನಪಾಯಿತು. ಗೌರೀಶ ಓದಿ, "ಒಳ್ಳೇದಾಯ್ತು, ಲಾಂಚ್ ಅನ್ನೋದು ಇರಬೇಕಾದ ಕಡೆ ಬಂತು," ಎಂದ. ಇನ್ನೂ ಎರಡು ಆಲ್ಬಮ್ ಉಳಿದಿವೆ. ನಾಲ್ಕನೆಯದಕ್ಕೆ ಸದ್ದು ಹುಡುಕಲು ಆಗುಂಬೆ ಕಡೆ ಹೋಗೋಣವೇ ಎಂದು ಆಗಲೇ ಶುರುಮಾಡಿದ್ದ. ಅವು ಮುಗಿಯುತ್ತವೆಂದು ಅವಳಿಗೆ ನಂಬಿಕೆಯಿಲ್ಲ. ಮುಗಿಯದಿದ್ದರೂ ನಡೆಯುತ್ತದೆ ಎಂದು ಇವತ್ತು ಮೊದಲ ಸಲ ಅನ್ನಿಸಿತು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಪ್ಪಳ ಕರಿಯಲು ಒಲೆ ಹೊತ್ತಿಸಿ, ಎಣ್ಣೆ ಕಾಯುವಷ್ಟರಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ ಅಂಗೈ ಊರಿ ನಿಂತಳು. ಹೌದು, ಎಲ್ಲಿಗೂ ಹೋಗುತ್ತಿರಲಿಲ್ಲ ಅದು. ಹದಿನಾಲ್ಕು ವರ್ಷದಿಂದ ಇಲ್ಲೇ ಇತ್ತು. ಗೌರೀಶನಿಗೆ ಹೇಳುವುದಿಲ್ಲ, ಅಂದುಕೊಂಡಳು, ರವೀಶನಿಗೂ ಇಲ್ಲ. ತಿಳಿಯಲೇಬೇಕಾಗಿದ್ದ ಒಬ್ಬರಿಗೆ ತಿಳಿದಾಯಿತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂಬಂಥ ಹೆದರಿಕೆ ಇದಕ್ಕೂ ಆಗಾಗ ಬಂದು ಹೋಗಬಹುದು. ಬರಲಿ.

"ಎಂತ ಅದು, ಫ್ರಿಜ್ಜಿಗೆ ಜ್ವರ ಬಂದಿದ್ದಾ?" ಎಂದ ಶ್ರೀನಾಥ್, ಹಪ್ಪಳದ ವಾಸನೆಗೆ ಒಳಗೆ ಬಂದವನು.

"ಎಂತೂ ಇಲ್ಲೆ," ಎಂದಳು. "ಇದು ಇರ್ಲಿ. ಕೊಡದು ಬ್ಯಾಡ." ಬಾಗಿಲು ತೆರೆದು ಉಪ್ಪಿನಕಾಯಿ ಬಾಟಲಿ ತೆಗೆದು ತಟ್ಟೆಯ ಅಂಚಿಗೆ ಎರಡು ಹೋಳು ಹಾಕಿ, ಬಾಟಲಿಯನ್ನು ಮತ್ತೆ ಅದರದೇ ಜಾಗದಲ್ಲಿ, ಪಕ್ಕದ ಬಾಟಲಿಗೆ ತಾಗಿಯೂ ತಾಗದಂತೆ ಇಟ್ಟಳು.